ಏಪ್ರಿಲ್‌ನಲ್ಲಿ ನೋಡಿ, ಆಮೇಲೆ ಮುಂಗಡ ಕೊಡಿ

ತೋಟ ಮಾಡಿಕೊಂಡು ಅಲ್ಲೇ ಮನೆ ಕಟ್ಟಿಕೊಂಡು ಇರಬೇಕು ಅನ್ನುವವರ ಪತ್ರಗಳು ಈಚೆಗೆ ಜಾಸ್ತಿ ಬರುತ್ತಿವೆ. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋದ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಹಾಗಾಗಿ ಶನಿವಾರ, ಭಾನುವಾರ ಬಂತೆಂದರೆ ತುಮಕೂರು, ರಾಮನಗರ, ಮಂಡ್ಯ ಕಡೆ ಜಮೀನು ನೋಡುವವರ ಕಾರುಗಳೇ ಕಾರುಗಳು. ನಾನು ಸರ್ವೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈಗ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಸ್ವಲ್ಪ ತೆಂಗು, ಸ್ವಲ್ಪ ರಾಗಿ ನೋಡಿಕೊಂಡಿದ್ದೇನೆ. ಈ ಸಲ ಬರೀ ಜಮೀನು ಆರಿಸುವ ಪ್ರಶ್ನೆಗಳನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾನು, ನನ್ನ ಹೆಂಡತಿ ಇಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇವೆ. ಇನ್ನು ನಾಲ್ಕೈದು ವರ್ಷಕ್ಕೆ ಕೆಲಸ ಬಿಟ್ಟು ತೋಟದ ಮನೆಯಲ್ಲಿ ಇರಬೇಕೆಂಬ ಆಸೆ. ಎರಡು ಹಸು, ತರಕಾರಿ, ಹಣ್ಣಿನ ಗಿಡ, ಇಷ್ಟೇ. ದಸರಾ ರಜೆಯಲ್ಲಿ ಮೂರು ಜಾಗ ನೋಡಿ ಬಂದೆವು. ಮೊದಲನೆಯದು ಕನಕಪುರದಾಚೆ ಕಾಡಿನ ಅಂಚಿಗೆ ಒಂದು ಎಕರೆ. ಬೆಟ್ಟ ಕಾಣುತ್ತದೆ, ಪಕ್ಕದಲ್ಲೇ ಹಳ್ಳ ಹರಿಯುತ್ತದೆ. ಎರಡನೆಯದು ಶಿರಾ ತಾಲ್ಲೂಕಿನಲ್ಲಿ ನಾಲ್ಕು ಎಕರೆ ಬಯಲು. ಡಾಂಬರು ರಸ್ತೆಗೆ ಅಂಟಿಕೊಂಡಿದೆ, ಬೋರ್ ಇಲ್ಲ. ಮೂರನೆಯದು ತುರುವೇಕೆರೆ ಕಡೆ ಎರಡು ಎಕರೆ. ಐವತ್ತು ತೆಂಗಿನ ಮರ ಇವೆ, ಬೋರಿನಲ್ಲಿ ಎರಡಿಂಚು ನೀರಿದೆ ಅನ್ನುತ್ತಾರೆ. ಆದರೆ ಬೇರೆಯವರ ಹೊಲದ ಬದುವಿನ ಮೇಲೆ ನಡೆದು ಹೋಗಬೇಕು. ಮೂರಕ್ಕೂ ಒಟ್ಟು ಬೆಲೆ ಹೆಚ್ಚುಕಡಿಮೆ ಒಂದೇ. ಯಾವುದು ತೆಗೆದುಕೊಳ್ಳೋಣ?
— ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ಮೊದಲು ಒಂದು ಮಾತು. ದಸರಾ ಹೊತ್ತಿಗೆ ನಮ್ಮ ಕಡೆ ಎಲ್ಲ ಜಮೀನೂ ಚೆನ್ನಾಗಿಯೇ ಕಾಣುತ್ತದೆ. ಹಿಂಗಾರು ಮಳೆ ಬಿದ್ದಿರುತ್ತದೆ, ಬದುವೆಲ್ಲ ಹಸಿರು, ಹಳ್ಳದಲ್ಲಿ ನೀರು. ಬೋರು ಕೂಡ ಆಗ ಜಾಸ್ತಿ ಕೊಡುತ್ತದೆ. ಮಾರುವವರು ನಿಮ್ಮನ್ನು ಆ ಹೊತ್ತಿಗೆ ಕರೆಯುವುದೂ ಅದಕ್ಕೇ. ಯುಗಾದಿ ಕಳೆದ ಮೇಲೆ, ಏಪ್ರಿಲ್ ಕೊನೆ ವಾರದಲ್ಲಿ, ಮಳೆ ಬೀಳುವ ಮುಂಚೆ ಇನ್ನೊಂದು ಸಲ ಮೂರೂ ಕಡೆ ಹೋಗಿ. ಅಲ್ಲಿಯವರೆಗೆ ಯಾರಿಗೂ ಮುಂಗಡ ಕೊಡಬೇಡಿ. 'ಬೇರೆಯವರು ಬರ್ತಾರೆ, ಕೈತಪ್ಪಿ ಹೋಗುತ್ತೆ' ಅಂತಾರೆ. ಹೋದರೆ ಹೋಗಲಿ.

ನಾನು ಜಮೀನು ನೋಡುವ ಕ್ರಮ ಹೀಗೆ: ಮೊದಲು ದಾರಿ ಮತ್ತು ದಾಖಲೆ, ಆಮೇಲೆ ನೀರು, ಕೊನೆಗೆ ಮಣ್ಣು. ಎಲ್ಲರೂ ಮಣ್ಣಿನಿಂದ ಶುರು ಮಾಡುತ್ತಾರೆ. ಕೈಯಲ್ಲಿ ಹಿಡಿದು 'ಒಳ್ಳೆ ಕೆಂಪು ಮಣ್ಣು' ಅಂತಾರೆ. ಮಣ್ಣನ್ನು ಐದಾರು ವರ್ಷ ಗೊಬ್ಬರ, ಸೊಪ್ಪು ಹಾಕಿ ನಾವೇ ಸರಿ ಮಾಡಿಕೊಳ್ಳಬಹುದು. ಇಲ್ಲದ ದಾರಿಯನ್ನು, ಇಲ್ಲದ ಹಕ್ಕನ್ನು, ನೆಲದಡಿ ಇಲ್ಲದ ನೀರನ್ನು ಎಷ್ಟು ಬೆವರು ಸುರಿಸಿದರೂ ತರಲು ಆಗುವುದಿಲ್ಲ.

ನೀವು ಹೇಳಿದ ಮೂರರಲ್ಲಿ ಕನಕಪುರದ್ದನ್ನು ಈಗಲೇ ಬಿಡಿ. ಅಲ್ಲಿ ಕಾಡಿನ ಅಂಚು ಅಂದರೆ ಆನೆ ದಾರಿ. ರಾಗಿ ತೆನೆ ಬಂದಾಗ, ಹಲಸು ಹಣ್ಣಾದಾಗ ಬಂದೇ ಬರುತ್ತದೆ. ಹಂದಿ, ಮಂಗ, ನವಿಲಿನ ಕಾಟ ಬೇರೆ. ಒಂದು ಎಕರೆಗೆ ಸೋಲಾರ್ ಬೇಲಿ ಹಾಕಿ ಕಾಯುತ್ತಾ ಕೂರುವುದು ನಿಮ್ಮ ವಯಸ್ಸಿಗೆ ಬೇಡ. ಬನ್ನೇರುಘಟ್ಟದ ಸುತ್ತ ಪರಿಸರ ಸೂಕ್ಷ್ಮ ವಲಯ ಇರುವುದರಿಂದ ಮನೆ ಕಟ್ಟುವುದಕ್ಕೂ ಕೆಲವು ಕಡೆ ಕಟ್ಟುಪಾಡು ಬರುತ್ತದೆ. ಇನ್ನು ಪಕ್ಕದ ಹಳ್ಳ: ಅದು ನಿಮ್ಮದಲ್ಲ, ಸರ್ಕಾರದ್ದು. ನೋಡಲು ಚೆಂದ, ಆದರೆ ಜೋರು ಮಳೆಗೆ ದಂಡೆ ಕೊಚ್ಚಿಕೊಂಡು ಹೋದರೆ ಕಡಿಮೆಯಾಗುವುದು ನಿಮ್ಮ ಗುಂಟೆ.

ಶಿರಾದ್ದು ರಸ್ತೆ ಇದೆ ಅನ್ನುವುದೊಂದೇ ಬಲ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯ ಸೀಮೆ ಅದು. ಬೋರ್ ಇಲ್ಲದ ಜಮೀನು ಕೊಂಡು, ಕೊಂಡ ಮೇಲೆ ಕೊರೆಸಿದರೆ ನೀರು ಬರುತ್ತದೆ ಅನ್ನುವ ನಂಬಿಕೆಯ ಮೇಲೆ ಮನೆ ಕಟ್ಟಬೇಡಿ. ತೆಂಗಿನಕಾಯಿ ಅಂಗೈ ಮೇಲೆ ನಿಂತಿತು, ಹುತ್ತ ಇದೆ ಅಂತ ತೋರಿಸಿದ ಕಡೆ ಕೊರೆದು ಬರೀ ದೂಳು ಎದ್ದಿದ್ದನ್ನು ಶಿರಾ, ಪಾವಗಡ ಕಡೆ ತುಂಬಾ ನೋಡಿದ್ದೇನೆ. ಸುತ್ತಲಿನ ನಾಲ್ಕು ಹೊಲದವರನ್ನು ಕೇಳಿ: ಎಷ್ಟು ಅಡಿ ಕೊರೆಸಿದಿರಿ, ಎಷ್ಟು ಬೋರು ಬತ್ತಿದವು, ಈಗ ಎಷ್ಟನೆಯದು ಓಡುತ್ತಿದೆ? ಆ ಉತ್ತರವೇ ನಿಮ್ಮ ಜಮೀನಿಗೂ ಉತ್ತರ. ಅಂತರ್ಜಲ ಕಾಯ್ದೆಯಡಿ ಅಧಿಸೂಚನೆ ಆಗಿರುವ ತಾಲ್ಲೂಕುಗಳಲ್ಲಿ ಹೊಸ ಬೋರಿಗೆ ಅನುಮತಿಯೂ ಬೇಕು.

ತುರುವೇಕೆರೆಯದ್ದರ ಮೇಲೆ ನನಗೆ ಮನಸ್ಸಿದೆ. ಆದರೆ 'ಎರಡಿಂಚು ನೀರು' ಅನ್ನುವ ಮಾತನ್ನು ಹಾಗೇ ನಂಬಬೇಡಿ, ಅಳೆಯಿರಿ. ಬೋರ್ ಕೊರೆಯುವಾಗ ವಿ ಆಕಾರದ ಕಚ್ಚು ಇರುವ ತಗಡು ಇಟ್ಟು ಅದರ ಮೇಲೆ ಹರಿಯುವ ನೀರಿನ ಎತ್ತರವನ್ನು ಇಂಚಿನಲ್ಲಿ ಹೇಳುತ್ತಾರೆ. ಒಂದಿಂಚು ಅಂದರೆ ಗಂಟೆಗೆ ಸುಮಾರು 500 ಲೀಟರ್. ಎರಡಿಂಚು ಅಂದರೆ ಅದರ ಎರಡರಷ್ಟಲ್ಲ, ಸುಮಾರು 2,900 ಲೀಟರ್. ಮೂರಿಂಚು ಅಂದರೆ 8,000 ಲೀಟರ್ ಹತ್ತಿರ. ಕಚ್ಚು ಮೇಲಕ್ಕೆ ಹೋದಂತೆ ಅಗಲವಾಗುತ್ತದಲ್ವಾ, ಅದಕ್ಕೆ. ಹಾಗಾಗಿ ಮಾತಿನಲ್ಲಿ ಅರ್ಧ ಇಂಚು ಆಚೀಚೆ ಆದರೆ ನೀರಿನಲ್ಲಿ ಸಾವಿರಾರು ಲೀಟರ್ ಆಚೀಚೆ ಆಗುತ್ತದೆ.

ನೀವು ಮಾಡಬೇಕಾದದ್ದು ಇಷ್ಟು. ಒಂದು 20 ಲೀಟರ್ ಬಕೆಟ್ ತೆಗೆದುಕೊಂಡು ಹೋಗಿ. ಮೋಟರ್ ಹಾಕಿಸಿ. ಹಾಕಿದ ತಕ್ಷಣ ಪೈಪಿನಲ್ಲಿ ಬರುವ ನೀರನ್ನು ನೋಡಿ ಸಂತೋಷ ಪಡಬೇಡಿ, ಅದು ರಾತ್ರಿಯೆಲ್ಲ ಕೊಳವೆಯಲ್ಲಿ ನಿಂತ ನೀರು. ಮೂರು ಗಂಟೆ ಬಿಡದೆ ಓಡಿಸಿ. ಆಮೇಲೆ ಬಕೆಟ್ ಇಟ್ಟು ಕೈಗಡಿಯಾರ ನೋಡಿ. 25 ಸೆಕೆಂಡಿಗೆ ತುಂಬಿದರೆ ನಿಜವಾಗಿ ಎರಡಿಂಚು. ಒಂದು ನಿಮಿಷ ಹಿಡಿದರೆ ಗಂಟೆಗೆ 1,200 ಲೀಟರ್ ಅಷ್ಟೇ. ಬಂದು ಬಂದು ನಿಲ್ಲುತ್ತಿದ್ದರೆ, ನಡುವೆ ಗಾಳಿ ಉಗುಳಿದರೆ, ಒಳಗೆ ನೀರು ಸೇರುವುದಕ್ಕಿಂತ ಬೇಗ ಖಾಲಿಯಾಗುತ್ತಿದೆ ಎಂದು ತಿಳಿಯಿರಿ. ಏಪ್ರಿಲ್‌ನಲ್ಲಿ ಈ ಪರೀಕ್ಷೆಗೆ ಒಪ್ಪದವರ ಜಮೀನು ಬೇಡ.

ನಿಮಗೆ ಎಷ್ಟು ನೀರು ಬೇಕು? ತೆಂಗಿನ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ 50 ಲೀಟರ್ ಹಿಡಿಯಿರಿ, ಐವತ್ತು ಮರಕ್ಕೆ 2,500. ಕಾಲು ಎಕರೆ ತರಕಾರಿಗೆ 4,000. ಮನೆಗೆ, ಹಸುಗಳಿಗೆ ಸೇರಿ 700. ಒಟ್ಟು ದಿನಕ್ಕೆ 7,000 ಲೀಟರ್ ಆಸುಪಾಸು. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ದಿನಕ್ಕೆ 7 ಗಂಟೆ ಲೆಕ್ಕ. ನಿಜವಾದ ಎರಡಿಂಚು ಇದ್ದರೆ ಎರಡೂವರೆ ಗಂಟೆಯಲ್ಲಿ ಮುಗಿಯಿತು. ಒಂದಿಂಚು ಇದ್ದರೆ ಏಳು ಗಂಟೆ ಓಡಿಸಿದರೂ ಅರ್ಧ ಮಾತ್ರ. ಆಗ ತರಕಾರಿ ಬಿಟ್ಟು ಮರಗಳನ್ನಷ್ಟೇ ಉಳಿಸಿಕೊಳ್ಳಬೇಕಾಗುತ್ತದೆ. ಮೋಟರಿನ ಆರ್.ಆರ್. ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಯಾರ ಹೆಸರಲ್ಲಿದೆ ಎಂದೂ ಕೇಳಿ. ಸಂಪರ್ಕವೇ ಸಕ್ರಮ ಆಗಿರದಿದ್ದರೆ ಆ ಖರ್ಚು ನಿಮ್ಮ ತಲೆ ಮೇಲೆ ಬರುತ್ತದೆ.

ಬರೀ ಬೋರನ್ನೇ ನೆಚ್ಚಿಕೊಳ್ಳಬೇಡಿ. 600 ಮಿ.ಮೀ. ಮಳೆ ಅಂದರೆ ಒಂದು ಎಕರೆ ಮೇಲೆ ವರ್ಷಕ್ಕೆ 24 ಲಕ್ಷ ಲೀಟರ್ ಬೀಳುತ್ತದೆ. ಜಮೀನಿಗೆ ಒಂದು ಕಡೆ ಇಳಿಜಾರು ಇದ್ದು, ಕೆಳಗಿನ ಮೂಲೆಯಲ್ಲಿ ಕೃಷಿ ಹೊಂಡ ತೆಗೆಯಲು ಜಾಗ ಇದ್ದರೆ ಅದೂ ಒಂದು ಆಸ್ತಿ. ಮನೆ ಎತ್ತರದ ಕಡೆ, ಹೊಂಡ ತಗ್ಗಿನ ಕಡೆ. ನಮ್ಮ ಹಿರಿಯರು ಕಟ್ಟೆ, ಕೆರೆ, ತಲಪರಿಗೆ ಮಾಡಿಕೊಂಡಿದ್ದು ಈ ಇಳಿಜಾರು ನೋಡಿಯೇ. ಊರ ಕೆರೆ ಹತ್ತಿರದಲ್ಲಿದ್ದರೆ ಒಳ್ಳೆಯದು, ಅದು ತುಂಬಿದ ವರ್ಷ ಬೋರುಗಳಿಗೆ ಜೀವ ಬರುತ್ತದೆ. ಆದರೆ ಕೆರೆ ಹಿಂಭಾಗದ ಜಮೀನಾದರೆ ಒಂದು ಪ್ರಶ್ನೆ ಕೇಳಲೇಬೇಕು. 2022ರ ಮಳೆಗೆ ಎಷ್ಟೋ ವರ್ಷ ಒಣಗಿದ್ದ ಕೆರೆಗಳು ಕೋಡಿ ಬಿದ್ದವು. ಆಗ ಹಿನ್ನೀರು ಎಲ್ಲಿಯವರೆಗೆ ಬಂದಿತ್ತು? ಕುರಿ ಕಾಯುವವರನ್ನು ಕೇಳಿ, ಕೋಲಿನಲ್ಲಿ ಗೆರೆ ಎಳೆದು ತೋರಿಸುತ್ತಾರೆ.

ಇನ್ನು ದಾರಿ. ಈಗ ಬದುವಿನ ಮೇಲೆ ಹೋಗುತ್ತಿದ್ದೀರಿ ಅಂದಿರಿ. ಮಾರುವವರು ಅದೇ ಊರಿನವರು, ಪಕ್ಕದವರಿಗೆ ಅಣ್ಣನೋ ಮಾವನೋ ಆಗಬೇಕು, ಅದಕ್ಕೆ ಅವರನ್ನು ಯಾರೂ ತಡೆಯುವುದಿಲ್ಲ. ನೀವು ಹೊರಗಿನವರು. ನಿಮ್ಮ ಟ್ರ್ಯಾಕ್ಟರ್, ಇಟ್ಟಿಗೆ ಲಾರಿ ಬಂದ ದಿನವೇ ಬೇಲಿ ಬೀಳುತ್ತದೆ. ಗ್ರಾಮ ನಕ್ಷೆ ತೆಗೆಸಿ ನೋಡಿ. ಬಂಡಿದಾರಿ ಇದ್ದರೆ ಎರಡು ಸಾಲು ಚುಕ್ಕೆಗೆರೆ, ಕಾಲುದಾರಿ ಇದ್ದರೆ ಒಂದು ಸಾಲು ಇರುತ್ತದೆ. ಬಂಡಿದಾರಿ ನಕ್ಷೆಯಲ್ಲಿದ್ದು ಸ್ಥಳದಲ್ಲಿ ಒತ್ತುವರಿ ಆಗಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಬಿಡಿಸಬಹುದು. ನಕ್ಷೆಯಲ್ಲೇ ಇಲ್ಲದಿದ್ದರೆ ಪಕ್ಕದವರಿಂದ ದಾರಿಯಷ್ಟು ಜಾಗ ಕೊಂಡುಕೊಳ್ಳಿ, ಅಥವಾ ದಾರಿ ಹಕ್ಕಿನ ಪತ್ರ ಬರೆಸಿ ನೋಂದಣಿ ಮಾಡಿಸಿ. 12 ಅಡಿ ಅಗಲ, 400 ಅಡಿ ಉದ್ದದ ದಾರಿಗೆ ಬೇಕಾಗುವುದು ನಾಲ್ಕೂವರೆ ಗುಂಟೆಗಿಂತ ಕಡಿಮೆ. ಆ ದುಡ್ಡನ್ನು ಜಮೀನಿನ ಬೆಲೆಯಲ್ಲೇ ಸೇರಿಸಿ ಮಾತಾಡಿ. 'ನಾನಿದ್ದೀನಲ್ಲ ಸಾರ್, ದಾರಿಗೇನು' ಅನ್ನುವ ಮಾತು ಒಳ್ಳೆ ಮನಸ್ಸಿನಿಂದಲೇ ಬಂದಿರಬಹುದು. ಆದರೆ ಅವರ ಮಕ್ಕಳ ಕಾಲಕ್ಕೆ ಆ ಮಾತು ಇರುವುದಿಲ್ಲ.

ದಾರಿ ನೋಂದಣಿ ಆಗುತ್ತದೆ, ಬಕೆಟ್ ಪರೀಕ್ಷೆ ಪಾಸಾಗುತ್ತದೆ ಅಂದರೆ ತುರುವೇಕೆರೆಯದ್ದು ತೆಗೆದುಕೊಳ್ಳಿ. ಎರಡರಲ್ಲಿ ಒಂದು ಆಗದಿದ್ದರೂ ಬಿಡಿ, ನಾಲ್ಕನೆಯದು ಹುಡುಕಿ.

ಪ್ರಶ್ನೆ: ಪಹಣಿಯಲ್ಲಿ 3 ಎಕರೆ 10 ಗುಂಟೆ ಎಂದಿದೆ. ಅದರಲ್ಲಿ 18 ಗುಂಟೆ ಖರಾಬು. ಮಾರುವವರು ಪೂರ್ತಿ ಅಳತೆಗೆ ದುಡ್ಡು ಕೇಳುತ್ತಿದ್ದಾರೆ. ಕೊಡಬೇಕೇ?
— ಓದುಗರು, ಅರಸೀಕೆರೆ

ಉತ್ತರ: ಯಾವ ಖರಾಬು ಎಂದು ಕೇಳಿ. 'ಅ' ಖರಾಬು ಎಂದರೆ ಬಂಡೆ, ಕಣ, ಬಾವಿಯಂಥ, ಸಾಗುವಳಿಗೆ ಬಾರದ ಜಾಗ. ಅದು ಹಿಡುವಳಿದಾರರದ್ದೇ. 'ಬ' ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಜಾಗ. ಅದನ್ನು ಮಾರುವ ಹಕ್ಕು ಅವರಿಗಿಲ್ಲ, ಕೊಂಡರೂ ನಿಮ್ಮದಾಗುವುದಿಲ್ಲ. ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಖರಾಬು ಬರೆದಿರುವ ಸರ್ವೆ ದಾಖಲೆ) ಪ್ರತಿ ತೆಗೆಸಿದರೆ ಗೊತ್ತಾಗುತ್ತದೆ. 18 ಗುಂಟೆಯೂ 'ಬ' ಆಗಿದ್ದರೆ ನೀವು ದುಡ್ಡು ಕೊಡಬೇಕಾದದ್ದು 2 ಎಕರೆ 32 ಗುಂಟೆಗೆ.

ಅಳತೆ ಬಗ್ಗೆ ನನ್ನ ಕೆಲಸದ ಮಾತು ಒಂದು ಹೇಳುತ್ತೇನೆ. ನಮ್ಮ ಹಳೆ ಸರ್ವೆ ಸರಪಳಿ 33 ಅಡಿ ಉದ್ದ, ಅದನ್ನು 16 ಆಣೆಯಾಗಿ ಭಾಗ ಮಾಡಿರುತ್ತಿದ್ದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ ಒಂದು ಗುಂಟೆ, ಅಂದರೆ 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಜಮೀನಿನ ನಾಲ್ಕೂ ಬದುವಿನ ಮೇಲೆ ನಡೆದರೆ ಅಳತೆ ಕಣ್ಣಿಗೇ ಸಿಗುತ್ತದೆ. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ನಡೆಯಿರಿ, ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ತೋರಿಸುತ್ತದೆ. ಅದು ಅಂದಾಜಿಗೆ ಮಾತ್ರ. ಕೊಳ್ಳುವ ಮುಂಚೆ ಮಾರುವವರಿಂದಲೇ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಲು, ಅರ್ಜಿ ಹಾಕಿಸಿ. ಸರ್ವೆಯವರು ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು ಬಂದು ಅಳೆಯುತ್ತಾರೆ. ಆ ದಿನ ರಜೆ ಹಾಕಿಯಾದರೂ ಹೋಗಿ ನಿಂತುಕೊಳ್ಳಿ. ಮೂಲೆಯಲ್ಲಿ ಹೂತಿರುವ ಬಾಂದುಕಲ್ಲು ಸಿಗುತ್ತದೆಯೇ, ಅಕ್ಕಪಕ್ಕದವರು ಒಪ್ಪಿ ಸುಮ್ನೆ ನಿಂತರೇ, ಜಗಳ ತೆಗೆದರೇ? ಮುಂದೆ ಇಪ್ಪತ್ತು ವರ್ಷ ಅವರೊಂದಿಗೆ ಹೇಗಿರುತ್ತೀರಿ ಎನ್ನುವುದು ಆ ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತದೆ.

ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುತ್ತಿದ್ದರೆ ಆ ಭಾಗವನ್ನು ಅಳೆದು ಸರ್ವೆಯವರು ಕೊಡುವ 11ಇ ನಕ್ಷೆ ಬೇಕೇ ಬೇಕು. ಪೋಡಿ ಆಗದ, ಅಂದರೆ ಪಾಲು ಅಳೆದು ಬೇರೆ ಮಾಡದ, ಜಂಟಿ ಪಹಣಿಯಲ್ಲಿ ಇಂತಿಷ್ಟು ಗುಂಟೆ ನಿಮ್ಮದು ಎಂದು ಬರೆದುಕೊಟ್ಟರೆ, ಆ ಗುಂಟೆ ಎಲ್ಲಿದೆ ಎಂದು ತೋರಿಸುವವರು ಯಾರೂ ಇರುವುದಿಲ್ಲ.

ಪ್ರಶ್ನೆ: ಪಹಣಿ ಒಬ್ಬರ ಹೆಸರಿಗೇ ಇದೆ, ಸಾಲವೂ ಇಲ್ಲ. ಇಷ್ಟು ಸಾಕಲ್ಲವೇ?
— ಓದುಗರು, ಚಿತ್ರದುರ್ಗ

ಉತ್ತರ: ಸಾಲದು. ಪಹಣಿಯ 9ನೇ ಕಾಲಂನಲ್ಲಿ ಹೆಸರು ಇರುತ್ತದೆ ನಿಜ. ಆ ಹೆಸರು ಹೇಗೆ ಬಂತು ಎಂಬುದು 10ನೇ ಕಾಲಂನಲ್ಲಿ ಇರುತ್ತದೆ. ಕ್ರಯವೋ, ಪೌತಿಯೋ (ಮಾಲೀಕರು ತೀರಿಕೊಂಡ ಮೇಲೆ ವಾರಸುದಾರರಿಗೆ ಬಂದದ್ದು), ವಿಭಾಗವೋ, ಮಂಜೂರಾತಿಯೋ ನೋಡಿ. 11ನೇ ಕಾಲಂನಲ್ಲಿ ಬ್ಯಾಂಕ್ ಸಾಲ, ಕೋರ್ಟ್ ತಡೆ, ಭೂಸ್ವಾಧೀನದ ನೋಟಿಸ್ ಎಲ್ಲ ಬರುತ್ತದೆ. ಕೈಗಾರಿಕೆಗೆ ಜಮೀನು ತೆಗೆದುಕೊಳ್ಳುವ ಪ್ರಾಥಮಿಕ ಅಧಿಸೂಚನೆಯನ್ನು 28(1) ಎಂದು, ಅಂತಿಮವನ್ನು 28(4) ಎಂದು ಬರೆದಿರುತ್ತಾರೆ. ಈ ಅಂಕಿ ಕಂಡರೆ ಅಲ್ಲಿಗೇ ನಿಲ್ಲಿಸಿ.

ಪೌತಿಯಿಂದ ಬಂದ ಹೆಸರಾದರೆ ವಂಶವೃಕ್ಷ ಕೇಳಿ, ಅಕ್ಕತಂಗಿಯರು ಎಲ್ಲಿದ್ದಾರೆ ಎಂದು ಕೇಳಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ನಮ್ಮ ರಾಜ್ಯದ ತಿದ್ದುಪಡಿ 1994ರಲ್ಲೇ ಪಾಲು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿ ಅದನ್ನು ಇನ್ನೂ ಗಟ್ಟಿ ಮಾಡಿತು. ಆ ತಿದ್ದುಪಡಿ ಬಂದಾಗ ಅಪ್ಪ ಬದುಕಿರಲಿ ಇಲ್ಲದಿರಲಿ, ಮಗಳಿಗೆ ಹುಟ್ಟಿನಿಂದಲೇ ಹಕ್ಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಊರುಗಳಲ್ಲಿ 'ಅವಳಿಗೆ ಮದುವೆ ಮಾಡಿ ಕೊಟ್ಟಾಯ್ತು' ಎಂದು ಅವರನ್ನು ಲೆಕ್ಕಕ್ಕೇ ಹಿಡಿಯದವರಿದ್ದಾರೆ. ಅವರ ಸಹಿ ಇಲ್ಲದೆ ಕೊಂಡರೆ ನಾಳೆ ದಾವೆ ಬೀಳುತ್ತದೆ ಅನ್ನುವುದು ಒಂದು ಮಾತು. ಅದಕ್ಕಿಂತ, ಒಬ್ಬ ಹೆಣ್ಣುಮಗಳ ಪಾಲು ನುಂಗಿದ ನೆಲದಲ್ಲಿ ತೋಟ ಮಾಡುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ಅವರ ಮನೆಗೇ ಹೋಗಿ ಕೇಳಿ, ನೋಂದಣಿ ದಿನ ಅವರೂ ಬಂದು ಸಹಿ ಹಾಕಲಿ, ಅವರ ಪಾಲಿನ ದುಡ್ಡು ಅವರ ಖಾತೆಗೇ ಹೋಗಲಿ.

ಮಂಜೂರಾತಿಯಿಂದ ಬಂದ ಜಮೀನಾದರೆ ಮೂಲ ಮಂಜೂರಾತಿ ಕಡತ ನೋಡದೆ ಹೆಜ್ಜೆ ಇಡಬೇಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ, 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಆ ಕ್ರಯವೇ ಊರ್ಜಿತವಲ್ಲ. ಜಮೀನು ಮೂಲದವರಿಗೆ ವಾಪಸ್ ಹೋಗುತ್ತದೆ. ಎಷ್ಟು ವರ್ಷ ಕಳೆದಿದ್ದರೂ ಅರ್ಜಿ ಹಾಕಬಹುದು ಎಂದು 2023ರಲ್ಲಿ ತಿದ್ದುಪಡಿಯೂ ಆಗಿದೆ. ಭೂಮಿಯೇ ಇಲ್ಲದವರಿಗೆ ಬದುಕಲು ಕೊಟ್ಟ ನೆಲ ಅದು. ಅಗ್ಗಕ್ಕೆ ಸಿಗುತ್ತದೆ ಎಂದು ಅದರ ಮೇಲೆ ಕಣ್ಣು ಹಾಕುವುದು ಬೇಡ.

ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 30 ವರ್ಷದ ಋಣಭಾರ ಪತ್ರಕ್ಕೆ ಅರ್ಜಿ ಹಾಕಿ. ಕಂಪ್ಯೂಟರ್ ಬರುವ ಮುಂಚಿನ ಕೈಬರಹದ ಪಹಣಿ, ಮ್ಯುಟೇಶನ್ ಪ್ರತಿಗಳನ್ನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ತೆಗೆಸಿ. ಜಿಪಿಎ, ಅಂದರೆ ಅಧಿಕಾರ ಪತ್ರದ ಮೇಲೆ ಕೊಳ್ಳಿ ಅನ್ನುವವರಿಗೆ ಕೈಮುಗಿದು ಎದ್ದುಬನ್ನಿ. ಜಿಪಿಎಯಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಪ್ರಶ್ನೆ: ನಾನು ಹಾಸನ ಜಿಲ್ಲೆಯವನು, ದುಬೈನಲ್ಲಿ ಕೆಲಸ. ಈಗ ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದಂತೆ. ಊರಿನ ಹತ್ತಿರ ಎರಡು ಎಕರೆ ನೋಡಿದ್ದೇನೆ.
— ಓದುಗರು, ದುಬೈ

ಉತ್ತರ: ನೀವು ಈಗ ಕೊಳ್ಳುವಂತಿಲ್ಲ. ರಾಜ್ಯದ ಕಾಯ್ದೆ ಸಡಿಲ ಆಗಿರಬಹುದು, ಆದರೆ ಕೇಂದ್ರದ ವಿದೇಶಿ ವಿನಿಮಯ ಕಾಯ್ದೆ ಫೆಮಾ ಹಾಗೇ ಇದೆ. ಅನಿವಾಸಿಗಳು ಮನೆ, ಸೈಟು ಕೊಳ್ಳಬಹುದು. ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತೆಯೂ ಇಲ್ಲ. ಅಪ್ಪ ಅಮ್ಮನಿಂದ ವಾರಸುದಾರಿಕೆಯಲ್ಲಿ ಬಂದರೆ ಅಡ್ಡಿಯಿಲ್ಲ. ನಿಮ್ಮ ದುಡ್ಡು ಹಾಕಿ ಬೇರೆಯವರ ಹೆಸರಿಗೆ ಮಾಡಿಸುವ ಯೋಚನೆ ಇದ್ದರೆ, ಅದು ಬೇನಾಮಿ ಆಗದಂತೆ ಲೆಕ್ಕಪರಿಶೋಧಕರ ಹತ್ತಿರ ಮೊದಲೇ ಮಾತಾಡಿ. ಊರಿಗೆ ವಾಪಸ್ ಬಂದು ನೆಲೆ ನಿಂತ ಮೇಲೆ ಕೊಳ್ಳುವುದೇ ಸುಖ. ಅಲ್ಲಿಯವರೆಗೆ ಊರಿನಲ್ಲಿರುವ ಹಿರಿಯರ ಜಮೀನಿಗೆ ಬೇಲಿ ಹಾಕಿಸಿ, ಬದುವಿನ ಮೇಲೆ ಗಿಡ ನೆಡಿಸಿ.

ಪ್ರಶ್ನೆ: ಕಪ್ಪು ಮಣ್ಣು ಒಳ್ಳೆಯದೋ ಕೆಂಪು ಮಣ್ಣು ಒಳ್ಳೆಯದೋ? ರಾಣೆಬೆನ್ನೂರು ಕಡೆ ಎರೆಹೊಲ ಸಿಗುತ್ತಿದೆ. ಮಣ್ಣು ಪರೀಕ್ಷೆಯಲ್ಲಿ ಪಿ.ಎಚ್. 8.4 ಬಂದಿದೆ. ಹಣ್ಣಿನ ತೋಟ, ಅದರೊಳಗೆ ಮನೆ ಮಾಡಬೇಕೆಂದಿದ್ದೇನೆ.
— ಓದುಗರು, ಹಾವೇರಿ

ಉತ್ತರ: ಮೇಲಿನ ಮಣ್ಣು ನೋಡಿ ಹಣ್ಣಿನ ತೋಟ ನಿರ್ಧಾರ ಮಾಡಬೇಡಿ. ಪರೀಕ್ಷೆಗೆ ನೀವು ಕೊಟ್ಟಿರುವುದು ಅರ್ಧ ಅಡಿ ಆಳದ ಮಣ್ಣು, ಅದು ಜೋಳ, ಹತ್ತಿಗೆ ಸರಿ. ಮರದ ಬೇರು ಅಲ್ಲಿ ನಿಲ್ಲುವುದಿಲ್ಲ. ಇಬ್ಬರು ಆಳು ಕರೆದು ಜಮೀನಿನ ಮೂರು ಕಡೆ ಮೂರಡಿ ಆಳದ ಗುಂಡಿ ತೆಗೆಸಿ. ಗುಂಡಿಯೊಳಗೆ ಇಳಿದು ಬಿಸಿಲು ಬೀಳುವ ಗೋಡೆಯನ್ನು ಚಾಕುವಿನಲ್ಲಿ ಕೆರೆದು ನೋಡಿ. ಮೇಲೆ ಕಪ್ಪು, ಎರಡಡಿ ಕೆಳಗೆ ಬಿಳಿ ಬಿಳಿ ಸುಣ್ಣಕಲ್ಲಿನ ಉಂಡೆಗಳು ಶುರುವಾದವೇ? ಉಂಡೆಗಳು ಒಂದಕ್ಕೊಂದು ಕೂಡಿ ಗಟ್ಟಿ ಪದರ ಆಗಿದೆಯೇ? ಆಗಿದ್ದರೆ ಮಾವು, ಹಲಸು ನಾಲ್ಕು ವರ್ಷ ಚೆನ್ನಾಗಿ ಬೆಳೆದು ಆಮೇಲೆ ತುದಿಯಿಂದ ಒಣಗುತ್ತವೆ. ಬಿಡಿ ಉಂಡೆಗಳಾದರೆ ಬಾರೆ, ನೆಲ್ಲಿ, ಹುಣಸೆ, ಸಪೋಟ ಬದುಕುತ್ತವೆ. ಪಿ.ಎಚ್. 8.4 ಇರುವ ಕಡೆ ಬೆಣ್ಣೆಹಣ್ಣು, ಮೆಣಸಿನ ಬಳ್ಳಿ ಆಸೆ ಬಿಡಿ. ಎಲೆ ಹಳದಿಯಾಗುವುದನ್ನು ತಡೆಯುವುದರಲ್ಲೇ ವರ್ಷ ಕಳೆಯುತ್ತದೆ.

ಅದೇ ಗುಂಡಿಗೆ ಸಂಜೆ ನೀರು ತುಂಬಿಸಿ ಬನ್ನಿ. ಬೆಳಿಗ್ಗೆಗೆ ಇಂಗಿದ್ದರೆ ಸರಿ. ಮಾರನೇ ದಿನ ಸಂಜೆಯೂ ನಿಂತಿದ್ದರೆ ಮಳೆಗಾಲದಲ್ಲಿ ಬೇರು ಕೊಳೆಯುತ್ತದೆ. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಪುಡಿ ಕಂಡರೆ, ಬಳ್ಳಾರಿ ಜಾಲಿ ಬಿಟ್ಟು ಬೇರೇನೂ ಇಲ್ಲದಿದ್ದರೆ, ಅದು ಚೌಳು. ತೋಟಕ್ಕೆ ಬೇಡ.

ಮನೆ ವಿಷಯ ಬೇರೆ. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮಾಮೂಲಿ ಪಾಯ ಹಾಕಿದರೆ ಗೋಡೆ ಸೀಳುತ್ತದೆ. ಕೆಳಗೆ ಗರಸು ಎಷ್ಟು ಅಡಿಗೆ ಸಿಗುತ್ತದೆ ನೋಡಿ, ಪಾಯ ಅಲ್ಲಿಯವರೆಗೆ ಹೋಗಬೇಕು. ಅದೇ ಜಮೀನಿನಲ್ಲಿ ಒಂದು ಮೂಲೆ ಮಸಾರಿ, ಅಂದರೆ ಕೆಂಪು ಮಣ್ಣು, ಆಗಿದ್ದರೆ ಮನೆ ಅಲ್ಲಿ ಕಟ್ಟಿ. ಹಾಗೆ ಎರೆ, ಮಸಾರಿ ಎರಡೂ ಇರುವ ಜಮೀನು ಸಿಕ್ಕರೆ ನಾಲ್ಕು ಕಾಸು ಜಾಸ್ತಿ ಆದರೂ ಬಿಡಬೇಡಿ.

ಕೆಂಪು ನೆಲ ಕೊಳ್ಳುವವರಿಗೂ ಒಂದು ಮಾತು. ನೀಲಗಿರಿ ಕಡಿದ ಜಮೀನು ಕೋಲಾರ, ತುಮಕೂರು ಕಡೆ ಅಗ್ಗಕ್ಕೆ ಬರುತ್ತದೆ. ಬೊಡ್ಡೆ ಕೀಳಿಸಲು ಜೆಸಿಬಿ ಖರ್ಚು ಸೇರಿಸಿ ಲೆಕ್ಕ ಹಾಕಿ. ಬೊಡ್ಡೆ ಉಳಿದರೆ ಮತ್ತೆ ಚಿಗುರುತ್ತಲೇ ಇರುತ್ತದೆ. ಕಿತ್ತ ಮೇಲೆ ಎರಡು ವರ್ಷ ಸೆಣಬು, ಹುರುಳಿ ಬಿತ್ತಿ ಉತ್ತುಹಾಕಿ, ಬದುವಿಗೆ ಗೊಬ್ಬರದ ಗಿಡ ಇಡಿ. ಅಂಥ ನೆಲದಲ್ಲೂ ಎರೆಹುಳು ವಾಪಸ್ ಬರುತ್ತವೆ.

ಪ್ರಶ್ನೆ: ದೊಡ್ಡಬಳ್ಳಾಪುರದ ಕಡೆ ಹತ್ತು ಗುಂಟೆಯ ಫಾರ್ಮ್ ಪ್ಲಾಟ್ ಕೊಡುತ್ತಾರಂತೆ. ಅವರೇ ಗಿಡ ನೋಡಿಕೊಳ್ಳುತ್ತಾರೆ, ನಾವು ಮನೆ ಕಟ್ಟಿಕೊಳ್ಳಬಹುದಂತೆ. ಭೂಪರಿವರ್ತನೆ ಬೇಡವೇ?
— ಓದುಗರು, ಯಲಹಂಕ

ಉತ್ತರ: ಕೃಷಿ ಜಮೀನಿನಲ್ಲಿ ರೈತ ತನ್ನ ವಾಸಕ್ಕೆ, ಕೃಷಿಗೆ ಒಂದು ಮನೆ ಕಟ್ಟಿಕೊಳ್ಳಲು ಭೂಕಂದಾಯ ಕಾಯ್ದೆಯ 95ನೇ ಕಲಂ ಅವಕಾಶ ಕೊಡುತ್ತದೆ. ಆದರೆ ಹಿಡುವಳಿಯ ಶೇ 10ಕ್ಕೆ ಮೀರುವಂತಿಲ್ಲ. ಹತ್ತು ಗುಂಟೆಯಲ್ಲಿ ಶೇ 10 ಅಂದರೆ ಒಂದು ಗುಂಟೆ. ಬಾಡಿಗೆಗೆ, ಹೋಂಸ್ಟೇಗೆ ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆ ಬೇಕೇ ಬೇಕು. ಅವರು ನಿಮ್ಮ ಹೆಸರಿಗೆ ಪ್ರತ್ಯೇಕ 11ಇ ನಕ್ಷೆ, ಪ್ರತ್ಯೇಕ ಪಹಣಿ ಕೊಡುತ್ತಾರೋ, ಇಡೀ ಜಮೀನಿನಲ್ಲಿ ಅವಿಭಾಜ್ಯ ಪಾಲು ಕೊಡುತ್ತಾರೋ ಕೇಳಿ. ಪಾಲು ಅಂದರೆ ಬೇಡ. ಅವರು ತೋರಿಸುವ ಗೇಟು, ಕ್ಲಬ್‌ಹೌಸ್, ದಾರಿ ಯಾರ ಹೆಸರಲ್ಲಿ ಉಳಿಯುತ್ತದೆ ಎಂದೂ ಕೇಳಿ. ನಿಜವಾಗಿ ನೆಲದಲ್ಲಿ ಕೆಲಸ ಮಾಡುವ ಆಸೆ ನಿಮಗಿದ್ದರೆ, ಅದೇ ದುಡ್ಡಿಗೆ ಗೌರಿಬಿದನೂರು, ಕೊರಟಗೆರೆ ಕಡೆ ಹೋಗಿ ಹಳ್ಳಿಯವರಿಂದಲೇ ನೇರವಾಗಿ ಹುಡುಕಿ.

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ಒಂದು ಎಕರೆ ಅಡಿಕೆ ತೋಟ. ಜೊತೆಗೆ ಎರಡು ಎಕರೆ ಸೊಪ್ಪಿನ ಬೆಟ್ಟ 'ಸೇರಿದೆ' ಅನ್ನುತ್ತಾರೆ.
— ಓದುಗರು, ಶಿವಮೊಗ್ಗ

ಉತ್ತರ: ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು, ದರಗು ತರುವ ಸವಲತ್ತು ಇರುತ್ತದೆ, ಒಡೆತನ ಇರುವುದಿಲ್ಲ. ದಕ್ಷಿಣ ಕನ್ನಡದ ಕುಮ್ಕಿಯೂ ಹೀಗೇ. ಕೊಡಗಿನ ಬಾಣೆ, ಜಮ್ಮಾದ ಲೆಕ್ಕವೇ ಬೇರೆ, ಅಲ್ಲಿಯ ವಕೀಲರನ್ನೇ ಕೇಳಬೇಕು. ದುಡ್ಡು ಕೊಡುವುದು ಒಂದು ಎಕರೆಗೆ ಮಾತ್ರ. ಬೆಟ್ಟದಲ್ಲಿ ಮನೆ ಕಟ್ಟುವ ಯೋಚನೆ ಮಾಡಬೇಡಿ. ಮಲೆನಾಡಿನಲ್ಲಿ ಏಪ್ರಿಲ್ ಜೊತೆಗೆ ಜುಲೈನಲ್ಲೂ ಒಂದು ಸಲ ನೋಡಿ. ಧರೆ ಎಲ್ಲಿ ಜರಿಯುತ್ತದೆ, ಸಂಕ (ಕಾಲುಸೇತುವೆ) ಎಲ್ಲಿ ಮುಳುಗುತ್ತದೆ ಎಂದು ಆಗಲೇ ಕಾಣುವುದು. ಕೊಳೆರೋಗ, ಎಲೆಚುಕ್ಕಿ ರೋಗ ತೋಟದಲ್ಲಿ ಎಷ್ಟಿದೆ ಎಂಬುದೂ ಆಗಲೇ ಗೊತ್ತಾಗುತ್ತದೆ.

ಪ್ರಶ್ನೆ: ನನಗೆ 61 ವರ್ಷ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದೆ. ಯಜಮಾನರು ಹೋದ ಮೇಲೆ ಮೈಸೂರಿನ ಮನೆಯಲ್ಲಿ ಒಬ್ಬಳೇ ಇದ್ದೇನೆ. ನಂಜನಗೂಡು ಕಡೆ ಅರ್ಧ ಎಕರೆ ತೆಗೆದುಕೊಂಡು, ಒಂದು ಹಸು ಕಟ್ಟಿಕೊಂಡು ಇರಬೇಕೆಂದು ಮನಸ್ಸು. ಮಕ್ಕಳು ಹುಚ್ಚು ಅನ್ನುತ್ತಾರೆ. ನನ್ನಂಥವಳಿಗೆ ಎಂಥ ಜಾಗ ಸರಿ?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಹುಚ್ಚಲ್ಲ ಅಮ್ಮ. ಅರ್ಧ ಎಕರೆ ಒಬ್ಬರು ನೋಡಿಕೊಳ್ಳುವಷ್ಟೇ ಇದೆ. ಜಾಗ ಮಾತ್ರ ಬೇರೆಯವರಂತೆ ಆರಿಸಬೇಡಿ. ಅವರು ಊರಿನಿಂದ ದೂರ, ನೆಮ್ಮದಿ ಎಂದು ಹುಡುಕುತ್ತಾರೆ. ನೀವು ಊರಿಗೆ ಅಂಟಿಕೊಂಡಿರುವ ಹಿತ್ತಿಲ ಜಮೀನು ಹುಡುಕಿ. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಎರಡು ಮನೆ ಇರಬೇಕು. ಬೆಲೆ ಜಾಸ್ತಿಯೇ ಇರುತ್ತದೆ. ಅದಕ್ಕೆ ಬೇಕಿದ್ದರೆ ಅರ್ಧ ಎಕರೆ ಬದಲು ಹದಿನೈದು ಗುಂಟೆಗೆ ಇಳಿಯಿರಿ, ದೂರಕ್ಕೆ ಮಾತ್ರ ಹೋಗಬೇಡಿ.

ಹಾಲಿನ ಡೈರಿ ನಡೆದು ಹೋಗುವಷ್ಟು ಹತ್ತಿರ ಇರಲಿ. ಒಂದು ಹಸು ಇದ್ದರೂ ದಿನಕ್ಕೆರಡು ಸಲ ಅಲ್ಲಿಗೆ ಹೋಗುತ್ತೀರಿ. ಊರ ಹೆಂಗಸರ ಪರಿಚಯ ಆಗುವುದೂ ಅಲ್ಲೇ, ಕೈಲಾಗದ ದಿನ ಹುಲ್ಲು ತಂದುಕೊಡುವವರು ಸಿಗುವುದೂ ಅಲ್ಲೇ. ಹಾವಿನ ಕಡಿತಕ್ಕೆ ಔಷಧಿ ಇಟ್ಟಿರುವ ಆಸ್ಪತ್ರೆ ಎಷ್ಟು ದೂರ, ರಾತ್ರಿ ಹತ್ತಕ್ಕೆ ಕರೆದರೆ ಆಟೋ ಬರುತ್ತದೆಯೇ ಎಂದು ಈಗಲೇ ಕೇಳಿಡಿ. ಕುಡಿಯುವ ನೀರಿಗೆ ಪಂಚಾಯಿತಿ ನಲ್ಲಿ ಇರುವ ಜಾಗವಾದರೆ ಬೋರಿನ ಚಿಂತೆ ಅರ್ಧ ಕಡಿಮೆ. ಸಾವಿರ ಚದರ ಅಡಿ ತಾರಸಿ ಮೇಲೆ 600 ಮಿ.ಮೀ. ಮಳೆ ಬಿದ್ದರೂ ವರ್ಷಕ್ಕೆ ಸುಮಾರು 55,000 ಲೀಟರ್ ಬೀಳುತ್ತದೆ. ಒಂದು ಸಂಪು ಕಟ್ಟಿಸಿದರೆ ಸೊಪ್ಪಿನ ಮಡಿಗೆ, ಹಸುವಿಗೆ ಎಷ್ಟೋ ದಿನ ಬರುತ್ತದೆ.

ಕೊಳ್ಳುವ ಮುಂಚೆ ಅದೇ ಊರಿನಲ್ಲಿ ಒಂದು ಸಣ್ಣ ಮನೆ ಬಾಡಿಗೆಗೆ ಹಿಡಿಯಿರಿ. ಮಾರ್ಚ್‌ನಿಂದ ಮಳೆ ಶುರುವಾಗುವವರೆಗೆ ಇದ್ದು ನೋಡಿ. ಬಿಸಿಲು, ಕರೆಂಟು ಹೋಗುವುದು, ನೀರಿನ ಸರದಿ, ಜನರ ಮಾತು ಎಲ್ಲ ಅಷ್ಟರಲ್ಲಿ ತಿಳಿಯುತ್ತದೆ. ಮಕ್ಕಳನ್ನೂ ಒಂದು ವಾರ ಕರೆಸಿಕೊಳ್ಳಿ. ಜಾಗ ಗೊತ್ತಾದರೆ ಪಹಣಿ, ಆಕಾರ್‌ಬಂದ್, ಗ್ರಾಮ ನಕ್ಷೆಯ ಪ್ರತಿಗಳನ್ನು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ನೋಡಿ ಬರೆಯುತ್ತೇನೆ.